ಅಟ್ಟದಲ್ಲೊಂದು ಆಂಟೆನಾ: ಹಂಚಿನ ಮಾಡಿನ ಕೆಳಗಿನಿಂದ ಹ್ಯಾಮ್ ರೇಡಿಯೋ

ನಮ್ಮ ಮನೆಯ ಅಟ್ಟ ಹತ್ತಿದರೆ ಮೊದಲು ತಲೆಗೆ ತಾಗುವುದು ಸೌತೆಕಾಯಿ. ಮಳೆಗಾಲದ ಹುಳಿಗೆ ಬೇಕಲ್ಲ, ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ತೂಗುಬಿಟ್ಟಿರುತ್ತೇವೆ. ಅದರ ಹಿಂದೆ ಹಳೇ ತೊಟ್ಟಿಲು, ಎರಡು ಹಿತ್ತಾಳೆ ಹಂಡೆ, ಮಡಚಿಟ್ಟ ಗೋಣಿಚೀಲ. ಇವೆಲ್ಲದರ ಮೇಲೆ, ಹಂಚಿಗಿಂತ ಒಂದು ಗೇಣು ಕೆಳಗೆ, ಮನೆಯ ಈ ತುದಿಯಿಂದ ಆ ತುದಿಯವರೆಗೆ ಒಂದು ಕಪ್ಪು ತಂತಿ ಎಳೆದಿದೆ. ನೋಡಿದವರು ಬಟ್ಟೆ ಒಣಗಿಸುವ ಹಗ್ಗ ಅಂದುಕೊಳ್ಳುತ್ತಾರೆ. ಆ ತಂತಿಯಲ್ಲೇ ನಾನು ಜಪಾನ್, ಇಂಡೋನೇಷ್ಯಾ, ಇಟಲಿಯವರೆಗೆ ಸಂಪರ್ಕ ಮಾಡಿದ್ದೇನೆ.

ಹ್ಯಾಮ್ ರೇಡಿಯೋ ಅಂದರೆ ಪರೀಕ್ಷೆ ಬರೆದು, ಸರ್ಕಾರದಿಂದ ಲೈಸೆನ್ಸ್ ಮತ್ತು ಕಾಲ್‌ಸೈನ್ (ರೇಡಿಯೋದಲ್ಲಿ ಹೇಳಿಕೊಳ್ಳುವ ಗುರುತಿನ ಹೆಸರು) ಪಡೆದು, ಹವ್ಯಾಸಕ್ಕಾಗಿ ರೇಡಿಯೋದಲ್ಲಿ ಮಾತಾಡುವುದು. ನಮ್ಮ ದೇಶದವರ ಕಾಲ್‌ಸೈನ್ ಹೆಚ್ಚಾಗಿ ವಿಯು2 ಅಥವಾ ವಿಯು3 ಎಂದು ಶುರುವಾಗುತ್ತದೆ. ಲೈಸೆನ್ಸ್ ಇಲ್ಲದೆ ಪ್ರಸಾರದ ಗುಂಡಿ ಒತ್ತುವುದು ಅಪರಾಧ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಇದನ್ನು ಶುರು ಮಾಡುವವರು ಮೊದಲು ಯೋಚಿಸುವುದು ರೇಡಿಯೋ ಪೆಟ್ಟಿಗೆಯ ಬಗ್ಗೆ. ಯಾವ ಮಾಡೆಲ್, ಎಷ್ಟು ವಾಟ್, ಎಷ್ಟು ಬೆಲೆ. ಆದರೆ ನಿಜವಾಗಿ ಕೈಕಟ್ಟಿ ಹಾಕುವುದು ಆಂಟೆನಾ. ಪೆಟ್ಟಿಗೆ ಮೇಜಿನ ಮೇಲೆ ಕೂರುತ್ತದೆ. ಆಂಟೆನಾಕ್ಕೆ ಜಾಗ ಬೇಕು, ಎತ್ತರ ಬೇಕು, ಅಕ್ಕಪಕ್ಕದವರ ಒಪ್ಪಿಗೆ ಬೇಕು. ನಮ್ಮ ಮಲೆನಾಡಿನಲ್ಲಿ ಮಂಗಗಳ ಒಪ್ಪಿಗೆಯೂ ಬೇಕು.

ನಾನು ಮೊದಲು ತಂತಿ ಕಟ್ಟಿದ್ದು ಹೊರಗೇ. ಅಂಗಳದ ಹಲಸಿನ ಮರದಿಂದ ಹಿಂದಿನ ಅಡಿಕೆ ಮರಕ್ಕೆ. ಒಂಬತ್ತು ದಿನ ಚೆನ್ನಾಗಿತ್ತು. ಹತ್ತನೇ ದಿನ ಮಂಗಗಳ ಹಿಂಡು ಬಂತು, ಒಂದು ಅದನ್ನು ಹಿಡಿದು ಜೋತಾಡಿತು, ತಂತಿ ಹರಿಯಿತು. ಮತ್ತೆ ಕಟ್ಟಿದೆ. ಆ ಸಲ ಅಡಿಕೆ ಸೋಗೆ ಬಿತ್ತು. ಹಾಗಾದರೆ ಮಾಡಿನ ಮೇಲೆ ಒಂದು ಕಂಬ ನಿಲ್ಲಿಸೋಣ ಅಂತ ಮನೆಯ ಯಜಮಾನರನ್ನು ಕೇಳಿದೆ. ನಮ್ಮದು ಬಾಡಿಗೆ ಮನೆ. ಅವರು ಬೇಡ ಅನ್ನಲಿಲ್ಲ, ಇಷ್ಟೇ ಹೇಳಿದರು: "ಹಂಚಿನ ಮೇಲೆ ಕಾಲಿಡಬೇಡಿ ಮಾರಾಯ್ರೆ. ಒಂದು ಒಡೆದ್ರೆ ನಿಮ್ಮ ಮಂಡೆ ಮೇಲೇ ಸೋರೋದು." ಆಗುಂಬೆ ನಮ್ಮದೇ ತಾಲ್ಲೂಕಿನಲ್ಲಿದೆ. ಇಲ್ಲಿ ಮಾಡು ಸೋರುವುದು ಅಂದರೆ ಸಣ್ಣ ಮಾತಲ್ಲ. ಹೀಗೆ ನಾನು ಅಟ್ಟಕ್ಕೆ ಬಂದೆ.

ಬಂದ ಮೇಲೆ ಗೊತ್ತಾಗಿದ್ದು, ಅಟ್ಟದ ಆಂಟೆನಾ ಅಂದರೆ ಗತಿಯಿಲ್ಲದವರ ಆಂಟೆನಾ ಎನ್ನುವ ಮಾತು ಅರ್ಧ ಮಾತ್ರ ನಿಜ. ಅದು ಕೆಲಸ ಮಾಡುತ್ತದೋ ಇಲ್ಲವೋ ಎನ್ನುವುದನ್ನು ತೀರ್ಮಾನಿಸುವುದು ತಂತಿಗಿಂತ ಜಾಸ್ತಿ ಎರಡು ಸಂಗತಿ: ತಂತಿಯ ಮೇಲಿರುವ ಮಾಡು ಯಾವುದರದ್ದು, ತಂತಿಯ ಕೆಳಗಿರುವ ಮನೆ ಎಷ್ಟು ಗದ್ದಲ ಮಾಡುತ್ತದೆ.

ಮೊದಲು ಮಾಡು

ರೇಡಿಯೋ ಅಲೆ ಹಂಚನ್ನು ದಾಟುತ್ತದಾ? ಎಲ್ಲರೂ ಕೇಳುವ ಪ್ರಶ್ನೆ ಇದೇ. ದಾಟುತ್ತದೆ, ಅದೂ ಸಲೀಸಾಗಿ. ಅಲೆಯನ್ನು ತಡೆಯುವುದು ವಿದ್ಯುತ್ ಹರಿಯುವ ವಸ್ತು, ಮುಖ್ಯವಾಗಿ ಲೋಹ. ಸುಟ್ಟ ಮಣ್ಣು, ಮರ, ಗಾಜು, ಪ್ಲಾಸ್ಟಿಕ್ ಇವು ಯಾವುವೂ ಕಿರುತರಂಗದ (ಶಾರ್ಟ್‌ವೇವ್) ಅಲೆಗೆ ಗೋಡೆಯೇ ಅಲ್ಲ. ಮಂಗಳೂರು ಹಂಚಿನ ಕೆಂಪು ಬಣ್ಣ ಕಬ್ಬಿಣದ ಆಕ್ಸೈಡಿನಿಂದ ಬಂದದ್ದು, ಹಾಗಾಗಿ ಕೆಲವರಿಗೆ ಅನುಮಾನ ಬರುತ್ತದೆ. ಆದರೆ ಆಕ್ಸೈಡ್ ಲೋಹದ ತಗಡಿನ ಹಾಗೆ ವರ್ತಿಸುವುದಿಲ್ಲ. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದಾಗ ಜಗತ್ತಿನಲ್ಲಿ ರೇಡಿಯೋ ಅನ್ನುವುದೇ ಇರಲಿಲ್ಲ. ಆದರೂ ರೇಡಿಯೋದವನಿಗೆ ಇದಕ್ಕಿಂತ ಒಳ್ಳೆಯ ಮಾಡು ಸಿಗುವುದು ಕಷ್ಟ. ಮಳೆಯನ್ನು ಹೊರಗಿಡುತ್ತದೆ, ಅಲೆಯನ್ನು ಬಿಟ್ಟುಕೊಡುತ್ತದೆ.

ಸಿಮೆಂಟ್ ಆರ್‌ಸಿಸಿ ಮನೆಯ ಕತೆ ಬೇರೆ. ಸಿಮೆಂಟ್ ಅಷ್ಟೇ ಆಗಿದ್ದರೆ ಅಷ್ಟೊಂದು ತೊಂದರೆ ಇರಲಿಲ್ಲ. ಅದರೊಳಗೆ ಕಬ್ಬಿಣದ ಸರಳಿನ ಜಾಲ ಇದೆ. ಇದನ್ನು ಜರಡಿಯ ಹಾಗೆ ನೋಡಿ. ಜರಡಿಯ ಕಣ್ಣಿಗಿಂತ ಕಾಳು ದೊಡ್ಡದಾದರೆ ಕಾಳು ಮೇಲೇ ಉಳಿಯುತ್ತದೆ. ಸರಳುಗಳ ನಡುವಿನ ಕಣ್ಣು 15–20 ಸೆಂಟಿಮೀಟರ್. ನಮ್ಮ 14 ಮೆಗಾಹರ್ಟ್ಜ್ ಅಲೆಯ ಉದ್ದ ಸುಮಾರು 21 ಮೀಟರ್. ಅಂಥ ಅಲೆಗೆ ಆ ಸರಳಿನ ಜಾಲ ಹೆಚ್ಚುಕಮ್ಮಿ ಇಡೀ ತಗಡೇ. ಮೊಬೈಲಿನ ಅಲೆ ಒಂದು ಮೊಳಕ್ಕಿಂತಲೂ ಚಿಕ್ಕದಿರುವುದರಿಂದ ಕಣ್ಣಿನಲ್ಲಿ, ಕಿಟಕಿಯಲ್ಲಿ ನುಸುಳಿ ಬರುತ್ತದೆ. "ಮೊಬೈಲ್ ಸಿಗ್ನಲ್ ಬರುತ್ತೆ, ಇದ್ಯಾಕೆ ಬರಲ್ಲ" ಅನ್ನುವ ಪ್ರಶ್ನೆಗೆ ಉತ್ತರ ಇದು.

ಜಿಂಕ್ ಶೀಟು, ಅಲ್ಯೂಮಿನಿಯಂ ಶೀಟು ಹೊದಿಸಿದ ಮಾಡಿನ ಕೆಳಗೆ ಕಿರುತರಂಗದ ಆಂಟೆನಾ ಕಟ್ಟಲೇಬೇಡಿ. ಈಗ ಮಲೆನಾಡು, ಕರಾವಳಿಯಲ್ಲಿ ತಾರಸಿ ಮನೆಗಳ ಮೇಲೂ ಮಳೆಗೆಂದು ಶೀಟ್ ಹಾಕಿಸುತ್ತಾರೆ. ತಾರಸಿ ಮತ್ತು ಶೀಟಿನ ನಡುವೆ ವಿಶಾಲ ಜಾಗ ಸಿಗುತ್ತದೆ, ನೋಡಿದರೆ ಆಸೆಯಾಗುತ್ತದೆ. ಆದರೆ ಮೇಲೆ ತಗಡು, ಕೆಳಗೆ ಸರಳಿನ ಜಾಲ. ಮುಚ್ಚಿದ ಡಬ್ಬಿಯಲ್ಲಿ ಕೂತು ಕೂಗಿದ ಹಾಗೆ.

ಇನ್ನೊಂದು ಸಂಗತಿ ಸುಲಭವಾಗಿ ಕಣ್ಣು ತಪ್ಪುತ್ತದೆ. ಹಂಚಿನ ಮನೆ ಅಂದಮಾತ್ರಕ್ಕೆ ನಂಬಬೇಡಿ, ಅಟ್ಟ ಹತ್ತಿ ತಲೆ ಎತ್ತಿ ನೋಡಿ. ಹಳೇ ಮನೆಯಲ್ಲಿ ಪಕ್ಕಾಸು, ರೀಪು ಎಲ್ಲ ಮರದ್ದು. ಹೊಸದಾಗಿ ಕಟ್ಟುವವರು ಮರ ದುಬಾರಿ ಅಂತ, ಗೆದ್ದಲಿನ ಕಾಟ ಬೇಡ ಅಂತ, ಕಬ್ಬಿಣದ ಚೌಕ ಪೈಪು ಹಾಕಿಸುತ್ತಾರೆ. ಹಂಚು ಕೂರಬೇಕಾದರೆ ಒಂದಡಿಗೊಂದು ರೀಪು ಬೇಕೇ ಬೇಕು. ಅಡ್ಡಕ್ಕೆ ರೀಪು, ಉದ್ದಕ್ಕೆ ಪಕ್ಕಾಸು, ಎಲ್ಲ ಕಬ್ಬಿಣ, ಎಲ್ಲ ವೆಲ್ಡಿಂಗ್. ಮೇಲೆ ಹೊದಿಸಿದ್ದು ಹಂಚೇ ಆದರೂ ಅಲೆಯ ಕಣ್ಣಿಗೆ ಅದು ಕಬ್ಬಿಣದ ಜರಡಿ. ಪರಿಚಯದ ಹ್ಯಾಮ್ ಒಬ್ಬರು ಇಂಥ ಮನೆಯಲ್ಲಿ ಎರಡು ತಿಂಗಳು ತಂತಿಯ ಉದ್ದ ಸರಿಮಾಡುತ್ತಾ ಕೂತಿದ್ದರು. ತಪ್ಪು ತಂತಿಯದ್ದಾಗಿರಲಿಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೂ ಈ ವಿಷಯ ಹತ್ತಿರದ್ದೇ. ಅಲ್ಲಿ ಅಟ್ಟದ ಆಂಟೆನಾ ಇಷ್ಟು ಬಳಕೆಗೆ ಬಂದಿರುವುದು ಮನೆಮಾಲೀಕರ ಸಂಘಗಳಿಂದ. ಮನೆ ಕೊಳ್ಳುವಾಗಲೇ ಹೊರಗೆ ಆಂಟೆನಾ ಹಾಕುವುದಿಲ್ಲ ಎಂಬ ಕರಾರಿಗೆ ಸಹಿ ಆಗಿರುತ್ತದೆ. 1985ರ ಪಿಆರ್‌ಬಿ-1 ಆದೇಶದಲ್ಲಿ ಅಲ್ಲಿನ ರೇಡಿಯೋ ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ ಹ್ಯಾಮ್‌ಗಳಿಗೆ ರಕ್ಷಣೆ ಕೊಟ್ಟಿತು ನಿಜ. ಆದರೆ ಅದು ಊರಿನ ಆಡಳಿತದ ನಿಯಮಗಳಿಗೆ ಮಾತ್ರ, ಖಾಸಗಿ ಕರಾರಿಗೆ ಅಲ್ಲ. 1996ರಲ್ಲಿ ಬಂದ ಇನ್ನೊಂದು ನಿಯಮ ಟಿವಿ ಆಂಟೆನಾ, ಡಿಶ್‌ಗಳನ್ನು ಕಾಪಾಡಿತು, ಹ್ಯಾಮ್ ಆಂಟೆನಾವನ್ನು ಬಿಟ್ಟಿತು. ಹಾಗಾಗಿ ಅಟ್ಟ. ಅಲ್ಲಿನ ಮರದ ಮಾಡು, ಡಾಂಬರಿನ ಶಿಂಗಲ್ಸ್ ಅಲೆಗೆ ಅಡ್ಡಿಯಲ್ಲ. ಆದರೆ ಟೆಕ್ಸಸ್‌ನಂಥ ಬಿಸಿಲಿನ ಕಡೆ ಶಾಖ ತಡೆಯಲು ಮಾಡಿನ ಒಳಮೈಗೆ ಹೊಳೆಯುವ ಫಾಯಿಲ್ ಹಾಳೆ ಹೊಡೆದಿರುತ್ತಾರೆ. ಅದಿದ್ದರೆ ಜಿಂಕ್ ಶೀಟಿನ ಕತೆಯೇ. ನಮ್ಮಲ್ಲೂ ಈಗ ಹಂಚಿನ ಕೆಳಗೆ ಬೆಳ್ಳಿ ಬಣ್ಣದ ಹಾಳೆ ಹಾಕಿಸುವ ರೂಢಿ ಬರುತ್ತಿದೆ. ಹಾಕಿಸುವ ಮೊದಲು ಯೋಚಿಸಿ.

ತಂತಿ ಎಷ್ಟು ಉದ್ದ

ಅತಿ ಸರಳ ಆಂಟೆನಾ ಅಂದರೆ ಡೈಪೋಲ್. ಎರಡು ತುಂಡು ತಂತಿ, ನಡುವಿನಿಂದ ರೇಡಿಯೋಗೆ ಹೋಗುವ ಕೇಬಲ್. ಒಟ್ಟು ಉದ್ದ ಅಲೆಯ ಅರ್ಧ. ಲೆಕ್ಕಕ್ಕೆ 143 ಅನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿ, ಮೀಟರಿನಲ್ಲಿ ಉತ್ತರ ಬರುತ್ತದೆ. 14.15 ಮೆಗಾಹರ್ಟ್ಜ್‌ಗೆ 10.1 ಮೀಟರ್. 21.2ಕ್ಕೆ 6.75 ಮೀಟರ್. 28.4ಕ್ಕೆ 5 ಮೀಟರ್. 7.1ಕ್ಕೆ ಮಾತ್ರ 20 ಮೀಟರ್ ಬೇಕು, ಅಷ್ಟು ಉದ್ದದ ಅಟ್ಟ ಎಲ್ಲರಿಗೂ ಇರುವುದಿಲ್ಲ.

ಈ ಲೆಕ್ಕ ಬಯಲಿನಲ್ಲಿ ಕಟ್ಟಿದ ತಂತಿಯದ್ದು. ಅಟ್ಟದಲ್ಲಿ ತಂತಿಯ ಪಕ್ಕದಲ್ಲೇ ಮರ ಇದೆ, ಮೇಲೆ ಹಂಚು ಇದೆ, ತಂತಿಗೇ ಪ್ಲಾಸ್ಟಿಕ್ ಹೊದಿಕೆ ಇದೆ. ಇವು ಅಲೆಯನ್ನು ತಡೆಯುವುದಿಲ್ಲ ನಿಜ, ಆದರೆ ತಂತಿಗೆ ತಾನು ಇರುವುದಕ್ಕಿಂತ ಉದ್ದ ಇದ್ದೇನೆ ಅನ್ನುವ ಹಾಗೆ ಮಾಡುತ್ತವೆ. ನಾನು 10.1 ಮೀಟರ್ ಅಳೆದು ಕಟ್ಟಿದ ತಂತಿ ಹೊಂದಿಕೊಂಡಿದ್ದು 13.6 ಮೆಗಾಹರ್ಟ್ಜ್‌ಗೆ. ಅದು ನಮ್ಮ ಬ್ಯಾಂಡೇ (ಹ್ಯಾಮ್‌ಗಳಿಗೆ ಬಿಟ್ಟುಕೊಟ್ಟ ಮೆಗಾಹರ್ಟ್ಜ್‌ಗಳ ಪಟ್ಟಿ) ಅಲ್ಲ. ಎರಡೂ ತುದಿಯಿಂದ ಒಂದೊಂದು ಗೇಣು ಮಡಚಿದ ಮೇಲೆ ಸರಿಯಾಯಿತು. ಕತ್ತರಿಸಬೇಡಿ, ಮಡಚಿ ಅದರ ಮೇಲೇ ಸುತ್ತಿಡಿ. ಕತ್ತರಿಸಿದ ತಂತಿ ಮತ್ತೆ ಬೆಳೆಯುವುದಿಲ್ಲ, ಅಲ್ವಾ.

ಇದನ್ನು ನೋಡಲು ನ್ಯಾನೋವಿಎನ್‌ಎ ಎಂಬ ಅಂಗೈಯಗಲದ ಸಾಧನ ಸಿಗುತ್ತದೆ. ಕೇಬಲ್ ಸಿಕ್ಕಿಸಿದರೆ ಪರದೆಯ ಮೇಲೆ ಒಂದು ಗೆರೆ ಬರುತ್ತದೆ. ಗೆರೆ ಎಲ್ಲಿ ಕಣಿವೆಯ ಹಾಗೆ ಕೆಳಗಿಳಿಯುತ್ತದೋ ಅಲ್ಲಿ ನಿಮ್ಮ ಆಂಟೆನಾ ಹೊಂದಿಕೊಂಡಿದೆ ಅಂತ ಅರ್ಥ. ಜೂನ್ ತಿಂಗಳ ಒಂದು ಸಂಜೆ ನಾನು ಅದನ್ನು ಹಿಡಿದುಕೊಂಡು ಅಟ್ಟದಲ್ಲೇ ಕೂತಿದ್ದೆ. ಹೊರಗೆ ಮಳೆ ಹಿಡಿಯಿತು. ಮೊದಲು ಹಂಚಿನ ಮೇಲೆ ಸದ್ದು, ಆಮೇಲೆ ಒದ್ದೆ ಮಣ್ಣಿನ ವಾಸನೆ. ಅರ್ಧ ಗಂಟೆಯಲ್ಲಿ ಪರದೆಯ ಕಣಿವೆ ನಿಧಾನಕ್ಕೆ ಎಡಕ್ಕೆ ಸರಿಯಿತು, ಸುಮಾರು 100 ಕಿಲೋಹರ್ಟ್ಜ್. ಹಂಚು ನೀರು ಕುಡಿಯುತ್ತಿತ್ತು. ನೀರು ಕುಡಿದ ಹಂಚಿನ ಕೆಳಗೆ ತಂತಿ ಇನ್ನಷ್ಟು ಉದ್ದವಾದ ಹಾಗೆ ವರ್ತಿಸುತ್ತದೆ. ಅಂದಿನಿಂದ ನಾನು ತಂತಿಯನ್ನು ಬೇಸಿಗೆಯಲ್ಲಿ ಬ್ಯಾಂಡಿನ ಮೇಲ್ತುದಿಗೆ ಹೊಂದಿಸಿಡುತ್ತೇನೆ, ಮಳೆಗಾಲದಲ್ಲಿ ಅದು ತಾನಾಗಿ ನಡುವಿಗೆ ಬಂದು ಕೂರುತ್ತದೆ.

ಅಟ್ಟ ಚಿಕ್ಕದಿದ್ದರೆ ತಂತಿಯನ್ನು ಬಾಗಿಸಬಹುದು. ಎಲ್ಲಿ ಬಾಗಿಸಬೇಕು ಅನ್ನುವುದಕ್ಕೆ ಒಂದು ಕಾರಣ ಇದೆ. ಡೈಪೋಲಿನಲ್ಲಿ ಕರೆಂಟ್ ಜಾಸ್ತಿ ಹರಿಯುವುದು ನಡುವೆ, ತುದಿಗೆ ಹೋಗುತ್ತಾ ಸೊನ್ನೆಯಾಗುತ್ತದೆ. ಅಲೆ ಹೊರಡುವುದು ಕರೆಂಟ್ ಇರುವಲ್ಲಿಂದ. ಹಾಗಾಗಿ ನಡುವಿನ ಅರ್ಧ ಭಾಗವನ್ನು ನೇರವಾಗಿ, ಎತ್ತರದಲ್ಲಿ, ಮಾಡಿನ ನೆತ್ತಿಯ ಕೆಳಗೆ ಎಳೆಯಿರಿ. ತುದಿಗಳನ್ನು ಗೋಡೆಯ ಪಕ್ಕ ಕೆಳಕ್ಕೋ, ಮಾಡಿನ ಇಳಿಜಾರಿನ ಗುಂಟವೋ ಇಳಿಬಿಡಿ. ನಷ್ಟ ಸ್ವಲ್ಪವೇ. ನಮ್ಮ ಅಟ್ಟ 12 ಮೀಟರ್. 7 ಮೆಗಾಹರ್ಟ್ಜ್‌ನ ತಂತಿಯನ್ನು 12 ಮೀಟರ್ ನೇರ ಎಳೆದು, ಎರಡೂ ಕಡೆ ತಲಾ 4 ಮೀಟರ್ ಇಳಿಜಾರಿನಲ್ಲಿ ಬಿಟ್ಟಿದ್ದೇನೆ. ಇದೇ ತಂತಿ 21 ಮೆಗಾಹರ್ಟ್ಜ್‌ನಲ್ಲೂ ನಡೆಯುತ್ತದೆ. ಏಳು ಮೂರ್ಲಿ ಇಪ್ಪತ್ತೊಂದು, ಮೂರು ಅರ್ಧ ಅಲೆ ಒಂದೇ ತಂತಿಯಲ್ಲಿ ಕೂರುತ್ತವೆ.

ಆದರೆ ತುದಿಯಲ್ಲಿ ಕರೆಂಟ್ ಇಲ್ಲದಿದ್ದರೂ ವೋಲ್ಟೇಜ್ ಇದೆ, ಅದೂ ನೂರಾರು ವೋಲ್ಟ್. ಒಣ ಮರಕ್ಕೆ, ಧೂಳಿಗೆ, ಗೋಣಿಚೀಲಕ್ಕೆ ತುದಿ ತಾಗಬಾರದು. ಪಿವಿಸಿ ಪೈಪಿನ ತುಂಡಿಗೆ ತೂತು ಹಾಕಿ ಇನ್ಸುಲೇಟರ್ ಮಾಡಿಕೊಳ್ಳಿ, ನೈಲಾನ್ ದಾರದಲ್ಲಿ ಕಟ್ಟಿ. ಕೈಗೆ ಸಿಗುವ ಹಾಗೆ ಬಿಡಬೇಡಿ. ಹಿತ್ತಾಳೆ ಹಂಡೆಗಳನ್ನು ನಾನು ತಂತಿಯ ಕೆಳಗಿಂದ ಮೂಲೆಗೆ ಸರಿಸಿದೆ. ಅಟ್ಟದ ಬಲ್ಬಿನ ವೈರಿಗೆ ಸಮಾನಾಂತರವಾಗಿ ಆಂಟೆನಾ ಓಡಬಾರದು. ಅಡ್ಡ ಹಾಯ್ದರೆ ಪರವಾಗಿಲ್ಲ.

ಟ್ಯೂನರ್ ಬಗ್ಗೆ ಒಂದು ಮಾತು. ಹೊಂದದ ಆಂಟೆನಾವನ್ನೂ ರೇಡಿಯೋ ಒಪ್ಪಿಕೊಳ್ಳುವ ಹಾಗೆ ಮಾಡುವ ಪೆಟ್ಟಿಗೆ ಇದು. ರೇಡಿಯೋದ ಪಕ್ಕ ಇಟ್ಟ ಟ್ಯೂನರ್ ಆಂಟೆನಾವನ್ನು ಸರಿಮಾಡುವುದಿಲ್ಲ, ರೇಡಿಯೋಗೆ ಸಮಾಧಾನ ಹೇಳುತ್ತದೆ ಅಷ್ಟೇ. ಕೇಬಲಿನಲ್ಲಿ ಆಗುವ ನಷ್ಟ ಆಗುತ್ತಲೇ ಇರುತ್ತದೆ. ಮೊದಲು ತಂತಿ ಸರಿಮಾಡಿ.

ಎತ್ತರ ಮತ್ತು ದೂರ

ನಮ್ಮ ತಂತಿ ನೆಲದಿಂದ ಸುಮಾರು 6 ಮೀಟರ್ ಮೇಲಿದೆ. ಇದು ಎತ್ತರವಾ, ತಗ್ಗಾ? ಅದನ್ನು ಮೀಟರಿನಲ್ಲಿ ಹೇಳಲು ಬರುವುದಿಲ್ಲ, ಅಲೆಯ ಅಳತೆಯಲ್ಲಿ ಹೇಳಬೇಕು. 7 ಮೆಗಾಹರ್ಟ್ಜ್ ಅಲೆ 42 ಮೀಟರ್ ಉದ್ದ. ಅದಕ್ಕೆ 6 ಮೀಟರ್ ಅಂದರೆ ನೆಲದ ಮೇಲೆ ಮಲಗಿದ ಹಾಗೆ. ಆಗ ಅಲೆ ಹೆಚ್ಚಾಗಿ ನೆಟ್ಟಗೆ ಮೇಲಕ್ಕೆ ಹೋಗಿ, ಅಯಾನುಗೋಳಕ್ಕೆ (ಬಹಳ ಎತ್ತರದಲ್ಲಿರುವ, ಅಲೆಯನ್ನು ಹಿಂದಕ್ಕೆ ತಿರುಗಿಸುವ ಗಾಳಿಯ ಪದರ) ಬಡಿದು, ಕೊಡೆಯ ಹಾಗೆ ಸುತ್ತಲೂ ಇಳಿಯುತ್ತದೆ. ಕೆಲವು ನೂರು ಕಿಲೋಮೀಟರ್ ಒಳಗಿನವರಿಗೆಲ್ಲ ಚೆನ್ನಾಗಿ ಕೇಳುತ್ತದೆ. ಹಗಲಲ್ಲಿ ಬೆಂಗಳೂರು, ಬೆಳಗಾವಿ, ಕಲಬುರಗಿ ಕಡೆಯವರ ಜೊತೆ ಮಾತಾಡಲು ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ನಡುವೆ ಘಟ್ಟ ಇದ್ದರೂ ಲೆಕ್ಕಕ್ಕಿಲ್ಲ, ಅಲೆ ಮೇಲಿನಿಂದ ಬರುತ್ತದೆ. ಕಣಿವೆಯ ಊರಿನಲ್ಲಿ ಮೊಬೈಲ್ ಟವರ್ ಬಿದ್ದ ದಿನ ಉಪಯೋಗಕ್ಕೆ ಬರುವುದು ಇಂಥ ತಗ್ಗಿನ ತಂತಿಯೇ.

ಅದೇ 6 ಮೀಟರ್ 28 ಮೆಗಾಹರ್ಟ್ಜ್‌ಗೆ ಅರ್ಧ ಅಲೆಗಿಂತ ಜಾಸ್ತಿ ಎತ್ತರ. ಅಲೆ 25 ಡಿಗ್ರಿಯ ಆಸುಪಾಸಿನಲ್ಲಿ ತಗ್ಗಿ ಹೊರಟು ದೂರ ದೇಶ ತಲುಪುತ್ತದೆ. ಅಟ್ಟದವರಿಗೆ ಅತ್ಯುತ್ತಮ ಬ್ಯಾಂಡ್ ಇದೇ ಅನ್ನುವುದು ನನ್ನ ಅನುಭವ. ತಂತಿ ಬರೀ 5 ಮೀಟರ್, ಎತ್ತರ ಸಾಕಷ್ಟು, ಬ್ಯಾಂಡಿನಲ್ಲಿ ಗದ್ದಲವೂ ಕಡಿಮೆ. ಇದು ತೆರೆಯುವುದು ಸೂರ್ಯನ ಚಟುವಟಿಕೆ ಜೋರಾಗಿದ್ದಾಗ. ಸೂರ್ಯ ಸುಮಾರು 11 ವರ್ಷಕ್ಕೊಮ್ಮೆ ಏರಿಳಿಯುತ್ತಾನೆ, ಈ ಸಲದ ಏರು 2024ರ ಹೊತ್ತಿಗೆ ಬಂತು. ನಾವು ಭೂಮಿಯ ಕಾಂತೀಯ ಸಮಭಾಜಕದ ಹತ್ತಿರ ಇರುವುದರಿಂದ ನಮ್ಮ ತಲೆಯ ಮೇಲಿನ ಅಯಾನುಗೋಳ ದಟ್ಟವಾಗಿರುತ್ತದೆ. ಯುರೋಪಿನವರಿಗಿಂತ ನಮಗೆ ಈ ಬ್ಯಾಂಡ್ ಸುಲಭ. 14 ಮೆಗಾಹರ್ಟ್ಜ್ ಇವೆರಡರ ನಡುವಿನದು.

ದಿಕ್ಕು ನೋಡಿ. ಡೈಪೋಲ್ ಜೋರಾಗಿ ಕಳಿಸುವುದು ತಂತಿಗೆ ಅಡ್ಡವಾಗಿ, ತುದಿಯ ಕಡೆಗಲ್ಲ. ಮಾಡಿನ ನೆತ್ತಿ ಉತ್ತರ-ದಕ್ಷಿಣ ಇದ್ದರೆ ಪೂರ್ವ-ಪಶ್ಚಿಮ ಚೆನ್ನಾಗಿ ಹೋಗುತ್ತದೆ. ಮನೆ ಕಟ್ಟಿಸುವಾಗ ವಾಸ್ತು ನೋಡಿದವರು ಇದನ್ನು ನೋಡಿರುವುದಿಲ್ಲ, ಹಾಗಾಗಿ ಸಿಕ್ಕಿದ್ದಕ್ಕೆ ಹೊಂದಿಕೊಳ್ಳಬೇಕು. ತಗ್ಗಿನ ತಂತಿಯಲ್ಲಿ ಈ ವ್ಯತ್ಯಾಸ ಅಷ್ಟೇನೂ ಎದ್ದು ಕಾಣುವುದಿಲ್ಲ.

ಮನೆಯ ಗದ್ದಲ

ಈಗ ನಿಜವಾದ ಕಷ್ಟಕ್ಕೆ ಬರೋಣ. ಅಟ್ಟದ ಆಂಟೆನಾದ ದೊಡ್ಡ ಶತ್ರು ಹಂಚಲ್ಲ, ಕೆಳಗಿನ ಮನೆ.

ಮೊದಲ ದಿನ ರೇಡಿಯೋ ಹಾಕಿದಾಗ ನನಗೆ ಕೇಳಿದ್ದು ಒಂದೇ ಸದ್ದು: ಕಾದ ಬಾಣಲೆಗೆ ಒಗ್ಗರಣೆ ಬಿದ್ದ ಹಾಗೆ ಚರ್ ಚರ್. ಸಿಗ್ನಲ್ ಎಷ್ಟು ಜೋರು ಅಂತ ತೋರಿಸುವ ಎಸ್ ಮೀಟರಿನ ಮುಳ್ಳು 8ರಲ್ಲಿ ನಿಂತುಬಿಟ್ಟಿತ್ತು. ಯಾರಾದರೂ ಮಾತಾಡುತ್ತಿದ್ದರೂ ಆ ಸದ್ದಿನ ಅಡಿ ಮುಳುಗಿಹೋಗುತ್ತಿತ್ತು. ಇದು ಆಕಾಶದಿಂದ ಬಂದದ್ದಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ, ವೈಫೈ ರೂಟರಿನ ಅಡಾಪ್ಟರ್, ಇನ್ವರ್ಟರ್, ಸೋಲಾರ್ ಚಾರ್ಜ್ ಕಂಟ್ರೋಲರ್, ಇಂಡಕ್ಷನ್ ಒಲೆ, ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನು. ಇವೆಲ್ಲದರಲ್ಲೂ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ತೆಗೆಯುವ ಸರ್ಕ್ಯೂಟ್ ಇದೆ. ಪ್ರತಿ ಸಲ ಹಾಕಿ ತೆಗೆದಾಗಲೂ ಸಣ್ಣ ರೇಡಿಯೋ ಕಿಡಿ. ಒಳ್ಳೆಯ ಕಂಪನಿಯವರು ಒಳಗೆ ಫಿಲ್ಟರ್ ಇಟ್ಟಿರುತ್ತಾರೆ, ಅಗ್ಗದ್ದರಲ್ಲಿ ಅದನ್ನೇ ಬಿಟ್ಟಿರುತ್ತಾರೆ. ಹೊರಗೆ ಮರದ ಮೇಲಿರುವ ಆಂಟೆನಾ ಇವುಗಳಿಂದ ಇಪ್ಪತ್ತು ಮೀಟರ್ ದೂರ ಇರುತ್ತದೆ. ಅಟ್ಟದ್ದು ಎರಡು ಮೀಟರ್.

ಕಳ್ಳನನ್ನು ಹಿಡಿಯುವ ಉಪಾಯ ಸರಳ. ರೇಡಿಯೋವನ್ನು ಬ್ಯಾಟರಿಯಲ್ಲಿ ನಡೆಸಿ. ಮನೆಯ ಮೇನ್ ಸ್ವಿಚ್ ತೆಗೆಯಿರಿ. ಸದ್ದು ನಿಂತರೆ ಕಳ್ಳ ಮನೆಯೊಳಗಿದ್ದಾನೆ. ಆಮೇಲೆ ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ. ಒಂದು ಭಾನುವಾರ ಬೆಳಗ್ಗೆ ಅಮ್ಮ ಸ್ವಿಚ್ ಬೋರ್ಡಿನ ಹತ್ತಿರ, ನಾನು ಅಟ್ಟದ ಏಣಿಯ ಬುಡದಲ್ಲಿ. "ಹಾಕಿದೆ ಕಣೋ." "ಇಲ್ಲ, ಮುಂದಿನದು." "ಈಗ?" ನಾಲ್ಕನೆಯದಕ್ಕೆ ಒಗ್ಗರಣೆ ಶುರುವಾಯಿತು. ಅದು ನಡುಮನೆ ಮತ್ತು ದೇವರ ಕೋಣೆ. ಅಲ್ಲಿದ್ದದ್ದು ಒಂದು ಫ್ಯಾನು, ಒಂದು ಟ್ಯೂಬ್‌ಲೈಟು, ದೇವರ ಮುಂದೆ ಹಗಲು ರಾತ್ರಿ ಉರಿಯುವ ಪುಟ್ಟ ಎಲ್‌ಇಡಿ ದೀಪ. ದೀಪ ಕಿತ್ತ ಕೂಡಲೇ ಮುಳ್ಳು 8ರಿಂದ 4ಕ್ಕೆ ಬಿತ್ತು. ಸದ್ದಿನ ಅಡಿಯಿಂದ ಯಾರೋ ಮಲಯಾಳದಲ್ಲಿ ಮಾತಾಡುತ್ತಿರುವುದು ಕೇಳಿತು. ಆ ಕ್ಷಣ ನನಗಾದ ಖುಷಿ ಇವತ್ತಿಗೂ ನೆನಪಿದೆ. ಅಮ್ಮ ದೇವರಿಗೆ ಮತ್ತೆ ಎಣ್ಣೆ ದೀಪವನ್ನೇ ಹಚ್ಚತೊಡಗಿದರು, ಅವರಿಗೂ ಅದೇ ಇಷ್ಟವಾಗಿತ್ತು.

4 ಘಟಕ ಅಂದರೆ ಎಷ್ಟು? ಎಸ್ ಮೀಟರಿನ ಒಂದು ಘಟಕ 6 ಡೆಸಿಬೆಲ್, ಅಂದರೆ ನಾಲ್ಕು ಪಟ್ಟು ಶಕ್ತಿ. ನಾಲ್ಕು ಘಟಕ ಇಳಿದರೆ ಗದ್ದಲ 256ರಲ್ಲಿ ಒಂದು ಪಾಲಾಯಿತು. ಇಷ್ಟು ಲಾಭ ಯಾವ ದುಬಾರಿ ರೇಡಿಯೋ ಕೊಂಡರೂ ಸಿಗುವುದಿಲ್ಲ.

ಕಿತ್ತುಹಾಕಲಾಗದ ಸಾಧನಗಳಿಗೆ ಫೆರೈಟ್ ಇದೆ. ಕಪ್ಪು ಬಳೆಯ ಹಾಗಿರುತ್ತದೆ. ರೂಟರಿನ ವೈರನ್ನು ಅದರೊಳಗೆ ಏಳೆಂಟು ಸುತ್ತು ಸುತ್ತಿದರೆ ವೈರಿನ ಮೇಲೆ ಓಡುವ ಗದ್ದಲಕ್ಕೆ ತಡೆ ಬೀಳುತ್ತದೆ. ಒಂದೇ ಸಲ ತೂರಿಸಿದರೆ ಸಾಲದು. ಸುತ್ತು ಎರಡು ಪಟ್ಟಾದರೆ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಕಿರುತರಂಗಕ್ಕೆ 31ನೇ ನಮೂನೆಯ ಫೆರೈಟ್ ಕೇಳಿ ತೆಗೆದುಕೊಳ್ಳಿ.

ಇದೇ ಫೆರೈಟ್ ಆಂಟೆನಾದ ನಡುವೆ, ಕೇಬಲ್ ಸೇರುವಲ್ಲೂ ಬೇಕು. ಆಂಟೆನಾಕ್ಕೆ ಹೋಗುವ ಕೋಯಾಕ್ಸ್ ಕೇಬಲಿನಲ್ಲಿ ಟಿವಿ ಕೇಬಲಿನ ಹಾಗೆ ನಡುವೆ ತಂತಿ, ಸುತ್ತ ಲೋಹದ ಹೆಣಿಗೆ ಇರುತ್ತದೆ. ಆ ಹೆಣಿಗೆಯ ಹೊರಮೈ ತಾನೂ ಒಂದು ತಂತಿಯೇ. ಬಿಟ್ಟರೆ ಅದೂ ಆಂಟೆನಾ ಆಗಿಬಿಡುತ್ತದೆ. ಮನೆಯ ನಡುವೆ ಹಾಯ್ದು ಬರುವ ಕೇಬಲ್ ಎಲ್ಲ ಕೋಣೆಯ ಗದ್ದಲ ಹೀರಿ ಮೇಲಕ್ಕೆ ಕೊಡುತ್ತದೆ, ಪ್ರಸಾರ ಮಾಡುವಾಗ ಅಲೆಯನ್ನು ಕೆಳಕ್ಕೆ ತರುತ್ತದೆ. ದೊಡ್ಡ ಫೆರೈಟ್ ಬಳೆಗೆ ಕೇಬಲನ್ನೇ ಹನ್ನೊಂದು ಸುತ್ತು ಸುತ್ತಿ ನಡುವೆ ಕೂರಿಸಿದರೆ ಈ ಹಾದಿ ಮುಚ್ಚುತ್ತದೆ. ಅಟ್ಟದಲ್ಲಿ ಇದನ್ನು ಬಿಟ್ಟು ಮಾಡಲೇಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಎಷ್ಟು ವಾಟ್

ಗದ್ದಲ ಎರಡೂ ಕಡೆ ಹೋಗುತ್ತದೆ. ಮನೆ ನಿಮಗೆ ತೊಂದರೆ ಕೊಡುವ ಹಾಗೆ ನೀವೂ ಮನೆಗೆ ಕೊಡುತ್ತೀರಿ. ನಾನು ಒಮ್ಮೆ 100 ವಾಟ್ ಹಾಕಿ ಮಾತಾಡಿದಾಗ ನಡುಮನೆಯ ರಿಮೋಟ್ ಫ್ಯಾನು ನಿಂತುಹೋಯಿತು. ನನ್ನ ಮಾತು ಮುಗಿದರೂ ಅದು ತಿರುಗಲಿಲ್ಲ, ರಿಮೋಟ್ ಒತ್ತಬೇಕಾಯಿತು. ಆಮೇಲೆ 25 ವಾಟ್‌ಗೆ ಇಳಿಸಿದೆ. 100ರಿಂದ 25ಕ್ಕೆ ಇಳಿದರೆ ಆ ಕಡೆಯವರ ಮೀಟರಿನಲ್ಲಿ ಒಂದೇ ಒಂದು ಘಟಕ ಕಡಿಮೆಯಾಗುತ್ತದೆ. ಅವರಿಗೆ ಗೊತ್ತಾಗುವುದೇ ಕಷ್ಟ. ಮನೆಯೊಳಗೆ ಮಾತ್ರ ದೊಡ್ಡ ವ್ಯತ್ಯಾಸ.

ಇದಕ್ಕಿಂತ ಮುಖ್ಯವಾದದ್ದು ಜನ. ಆಂಟೆನಾದ ಕೆಳಗೆ ಮನೆಯವರು ಮಲಗುತ್ತಾರೆ. ರೇಡಿಯೋ ಅಲೆ ಎಕ್ಸ್‌ರೇ ಥರದ್ದಲ್ಲ, ಜೀವಕೋಶ ಒಡೆಯುವುದಿಲ್ಲ. ಆದರೆ ಜಾಸ್ತಿಯಾದರೆ ಮೈ ಬಿಸಿ ಮಾಡುತ್ತದೆ. ಅದಕ್ಕೆ ಅಂತರರಾಷ್ಟ್ರೀಯ ಮಿತಿಗಳಿವೆ. 28 ಮೆಗಾಹರ್ಟ್ಜ್‌ನಲ್ಲಿ ಮಿತಿ 7 ಮೆಗಾಹರ್ಟ್ಜ್‌ಗಿಂತ ಬಿಗಿ. ಅಮೆರಿಕದಲ್ಲಿ 2021ರ ಮೇ ತಿಂಗಳಿಂದ ಪ್ರತಿ ಹ್ಯಾಮ್ ಕೂಡ ತನ್ನ ಆಂಟೆನಾದ ಹತ್ತಿರ ಇರುವವರಿಗೆ ಎಷ್ಟು ಅಲೆ ತಾಗುತ್ತದೆ ಎಂದು ನೋಡಿಕೊಳ್ಳಬೇಕು ಎಂಬ ನಿಯಮ ಬಂದಿದೆ. ನಾವೂ ಹಾಗೇ ನಡೆದುಕೊಳ್ಳುವುದು ಒಳ್ಳೆಯದು. ದೂರ ಹೆಚ್ಚಿದ ಹಾಗೆ ತೀವ್ರತೆ ಬೇಗ ಇಳಿಯುತ್ತದೆ, ಹಾಗಾಗಿ ಒಂದೊಂದು ಅಡಿಗೂ ಬೆಲೆ ಇದೆ. ಆದಷ್ಟು ಮಲಗುವ ಕೋಣೆಯ ಮೇಲೆ ತಂತಿ ಬಾರದ ಹಾಗೆ ನೋಡಿಕೊಳ್ಳಿ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾನು 10 ವಾಟ್ ದಾಟುವುದಿಲ್ಲ.

10 ವಾಟ್‌ನಲ್ಲಿ ಏನಾಗುತ್ತದೆ ಅಂತ ಕೇಳಬಹುದು. ಈಗ ಎಫ್‌ಟಿ8 ಎಂಬ ವಿಧಾನ ಇದೆ. 2017ರಲ್ಲಿ ಜೋ ಟೇಲರ್ ಮತ್ತು ಸ್ಟೀವ್ ಫ್ರಾಂಕ್ ಇದನ್ನು ಹೊರತಂದರು. ಟೇಲರ್ ಅವರು ಜೋಡಿ ಪಲ್ಸಾರ್ ಕಂಡುಹಿಡಿದದ್ದಕ್ಕೆ 1993ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದವರು. ದೂರದ ನಕ್ಷತ್ರದ ಸಣ್ಣ ಸದ್ದನ್ನು ಗದ್ದಲದಿಂದ ಹೆಕ್ಕಿ ತೆಗೆದವರು, ನಮ್ಮ ಅಟ್ಟದ ಸಣ್ಣ ಸದ್ದನ್ನೂ ಹಾಗೇ ಹೆಕ್ಕುವ ದಾರಿ ಮಾಡಿಕೊಟ್ಟರು. ಕಂಪ್ಯೂಟರ್ 15 ಸೆಕೆಂಡಿನ ಸರದಿಯಲ್ಲಿ ಎಂಟು ಬಗೆಯ ಸ್ವರಗಳನ್ನು ಬಳಸಿ ಒಂದು ಸಣ್ಣ ಸಂದೇಶ ಕಳಿಸುತ್ತದೆ. ಕಿವಿಗೆ ಕೇಳದಷ್ಟು ಗದ್ದಲದ ಅಡಿಯಲ್ಲಿದ್ದರೂ ಆ ಕಡೆಯ ಕಂಪ್ಯೂಟರ್ ಅದನ್ನು ಓದುತ್ತದೆ. ಇಲ್ಲಿ ಹರಟೆ ಇಲ್ಲ, ಕಾಲ್‌ಸೈನ್, ಜಾಗ, ಸಿಗ್ನಲ್ ಎಷ್ಟು, ಇಷ್ಟೇ. ನನಗೆ ಮಾತೇ ಹೆಚ್ಚು ಇಷ್ಟ. ಆದರೆ ಅಟ್ಟದವರಿಗೆ ಇದರಷ್ಟು ಧೈರ್ಯ ಕೊಡುವುದು ಬೇರೆ ಇಲ್ಲ. ಪಿಎಸ್‌ಕೆ ರಿಪೋರ್ಟರ್ ನಕ್ಷೆ ತೆರೆದರೆ ನಿಮ್ಮ ಸಿಗ್ನಲ್ ಯಾವ ಯಾವ ದೇಶದಲ್ಲಿ ಕೇಳಿತು ಎನ್ನುವುದು ನಿಮಿಷದೊಳಗೆ ಕಾಣುತ್ತದೆ. ತಂತಿಯನ್ನು ಸ್ವಲ್ಪ ಆಚೀಚೆ ಮಾಡಿ, ಮತ್ತೆ ಕಳಿಸಿ, ನಕ್ಷೆ ನೋಡಿ. ಊಹೆಯ ಕೆಲಸವೇ ಇಲ್ಲ.

ಇನ್ನುಳಿದದ್ದು ಚುಟುಕಾಗಿ. 145 ಮೆಗಾಹರ್ಟ್ಜ್‌ನ ಆಂಟೆನಾ ಒಂದು ಮೀಟರ್ ಉದ್ದ, ಎಂಥ ಅಟ್ಟದಲ್ಲೂ ನಿಲ್ಲುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿ. ಅಲ್ಲಿ ಒದ್ದೆ ಹಂಚಿನ ನಷ್ಟ ಸ್ವಲ್ಪ ಜಾಸ್ತಿ. ತೆಳ್ಳನೆಯ ಆರ್‌ಜಿ-58 ಕೇಬಲ್ 10 ಮೀಟರಿಗೇ ಸುಮಾರು 2 ಡೆಸಿಬೆಲ್ ತಿನ್ನುತ್ತದೆ, ದಪ್ಪ ಕೇಬಲ್ ಹಾಕಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲೆಯ ಮೇಲೆ ಹಾಯುವಾಗ ಅಲ್ಲಿಂದ ಪ್ರಸಾರ ಇದ್ದರೆ 145.800ರಲ್ಲಿ ಅಟ್ಟದಿಂದಲೇ ಕೇಳಬಹುದು. ಕೇಬಲನ್ನು ಇಲಿ ಕಡಿಯುತ್ತದೆ, ಆರು ತಿಂಗಳಿಗೊಮ್ಮೆ ಕೈಯಾಡಿಸಿ ನೋಡಿ. ಮಳೆಗಾಲದ ತೇವಕ್ಕೆ ಬೆಸುಗೆಯ ಜಾಗ ಹಸಿರು ಹಿಡಿಯುತ್ತದೆ, ರಬ್ಬರ್ ಟೇಪ್ ಸುತ್ತಿ.

ಸಿಡಿಲು ಮಾತ್ರ ಚುಟುಕು ವಿಷಯ ಅಲ್ಲ. ತಂತಿ ಮಾಡಿನ ಒಳಗಿದೆ, ಅದಕ್ಕೇನಾಗುತ್ತದೆ ಅನ್ನಬೇಡಿ. ಹತ್ತಿರದ ತೆಂಗಿನ ಮರಕ್ಕೆ ಸಿಡಿಲು ಬಡಿದರೂ ಅಟ್ಟದ ತಂತಿಯಲ್ಲಿ ರೇಡಿಯೋ ಸುಡುವಷ್ಟು ವೋಲ್ಟೇಜ್ ಹುಟ್ಟುತ್ತದೆ. ಮನೆಗೇ ಬಡಿದರೆ ಆ ತಂತಿ ಸಿಡಿಲಿಗೆ ಒಳದಾರಿ. ಏಪ್ರಿಲ್-ಮೇ ತಿಂಗಳ ಸಂಜೆ, ಮತ್ತೆ ಅಕ್ಟೋಬರಿನಲ್ಲಿ, ಮೋಡ ಕಪ್ಪಾಗುವ ಮೊದಲೇ ಕೇಬಲ್ ಕಿತ್ತು ರೇಡಿಯೋದಿಂದ ದೂರ ಇಡಿ. ಗುಡುಗು ಕೇಳಿದ ಮೇಲೆ ಕೀಳಲು ಹೋಗಬೇಡಿ. ಅಷ್ಟರಲ್ಲಿ ತಡವಾಗಿರುತ್ತದೆ, ಕೈಯಲ್ಲಿ ತಂತಿ ಹಿಡಿದಿರುವುದು ನೀವೇ ಆಗಿರುತ್ತೀರಿ.

ನಿಮ್ಮ ಮನೆಯಲ್ಲಿ ಇದು ಆಗುತ್ತದಾ ಅಂತ ತಿಳಿಯಲು ಏನೂ ಕೊಳ್ಳಬೇಕಿಲ್ಲ. ಕಿರುತರಂಗ ಹಿಡಿಯುವ ಹಳೇ ಬ್ಯಾಟರಿ ರೇಡಿಯೋ ಎಲ್ಲಿಂದಾದರೂ ತನ್ನಿ. ಕತ್ತಲಾದ ಮೇಲೆ ಅದನ್ನು ಹಿಡಿದು ಅಂಗಳದಲ್ಲಿ ನಿಂತು ಒಂದು ದೂರದ ಕೇಂದ್ರ ಹುಡುಕಿ. ಅದೇ ಕೇಂದ್ರವನ್ನು ಅಟ್ಟದಲ್ಲಿ ಕೇಳಿ. ಎರಡೂ ಕಡೆ ಒಂದೇ ಥರ ಕೇಳಿದರೆ ನಾಳೆಯೇ ತಂತಿ ತನ್ನಿ. ಅಟ್ಟದಲ್ಲಿ ಕೇಂದ್ರ ಮಾಯವಾಗಿ ಮೌನ ಮಾತ್ರ ಉಳಿದರೆ ನಿಮ್ಮ ಮಾಡಿನಲ್ಲಿ ಲೋಹ ಇದೆ, ಬೇರೆ ಜಾಗ ನೋಡಿ. ಚರ್ ಚರ್ ಕೇಳಿದರೆ ಮೇನ್ ಸ್ವಿಚ್ ತೆಗೆದು ಮತ್ತೆ ಕೇಳಿ. ಸ್ವಿಚ್ ಬೋರ್ಡಿನ ಹತ್ತಿರ ಯಾರನ್ನಾದರೂ ನಿಲ್ಲಿಸಿಕೊಳ್ಳಿ, ಏಣಿ ಹತ್ತಿ ಇಳಿಯುವುದು ತಪ್ಪುತ್ತದೆ.